ಪ್ರಿಂಟರ್ ನಿಂತಿದೆ: ರಿಪೇರಿನಾ, ಹೊಸದಾ ಅಂತ ತೀರ್ಮಾನಿಸುವ ಮೊದಲು ಹೀಗೆ ಹುಡುಕಿ

ಮನೆಯ ಪ್ರಿಂಟರ್ ನಿಂತುಹೋದ ಕೂಡಲೇ ತಲೆಗೆ ಬರುವ ಪ್ರಶ್ನೆ ರಿಪೇರಿ ಮಾಡಿಸಲಾ, ಹೊಸದು ತರಲಾ ಅನ್ನುವುದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಇದು ಯಾಕೆ ನಿಂತಿತು? ಇದಕ್ಕೆ ಉತ್ತರ ಸಿಗುವ ಮೊದಲೇ ಹೊಸದು ತಂದರೆ, ಹೊಸದೂ ಅದೇ ಕಾರಣಕ್ಕೆ ನಿಲ್ಲಬಹುದು.

ನನಗೆ ಹೀಗೇ ಆಯಿತು. ಮನೆಯಲ್ಲಿ ಒಂದು ಇಂಕ್‌ಜೆಟ್, ಅಂದರೆ ಹಾಳೆಗೆ ಒದ್ದೆ ಇಂಕ್ ಸಿಂಪಡಿಸುವ ಪ್ರಿಂಟರ್ ಇತ್ತು. ತಿಂಗಳಿಗೆ ನಾಲ್ಕೈದು ಪುಟ ತೆಗೆಯುತ್ತಿದ್ದೆ, ಕೆಲವು ತಿಂಗಳು ಅದೂ ಇಲ್ಲ. ಒಂದು ದಿನ ಕಪ್ಪು ಬಣ್ಣ ಬರಲಿಲ್ಲ. ಎಂಟು ಹತ್ತು ಸಲ ಕ್ಲೀನಿಂಗ್ ಒತ್ತಿದೆ, ಇದ್ದ ಇಂಕೂ ಮುಗಿಯಿತು, ಬೇಜಾರಾಗಿ ಅದನ್ನು ಬದಿಗಿಟ್ಟು ಅದೇ ಥರದ ಇನ್ನೊಂದನ್ನು ತಂದೆ. ವರ್ಷ ತುಂಬುವುದರೊಳಗೆ ಅದರಲ್ಲೂ ಕಪ್ಪು ನಿಂತಿತು. ಆಗ ಅರ್ಥವಾಯಿತು: ತಿಂಗಳುಗಟ್ಟಲೆ ಸುಮ್ನೆ ಕೂರುವ ಮನೆಗೆ ಒದ್ದೆ ಇಂಕಿನ ಪ್ರಿಂಟರ್ ಹೊಂದುವುದೇ ಇಲ್ಲ. ಮೊದಲ ಸಲವೇ ಕಾರಣ ಹುಡುಕಿದ್ದರೆ ಎರಡನೆಯದನ್ನು ತರುತ್ತಲೇ ಇರಲಿಲ್ಲ.

ಆದ್ದರಿಂದ ಕೆಳಗಿನದನ್ನು ಈ ಕ್ರಮದಲ್ಲಿ ಬರೆದಿದ್ದೇನೆ. ದುಡ್ಡು ಖರ್ಚಾಗದ ಪರೀಕ್ಷೆ ಮೊದಲು, ಕೈ ಕೊಳೆಯಾಗುವ ಕೆಲಸ ಆಮೇಲೆ, ಲೆಕ್ಕ ಕೊನೆಗೆ. ವಾರಂಟಿ ಇನ್ನೂ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಇದ್ದರೆ ಸ್ಕ್ರೂಡ್ರೈವರ್ ಮುಟ್ಟಬೇಡಿ.

ಕಂಪ್ಯೂಟರ್ ಬಿಟ್ಟು ಪ್ರಿಂಟರ್ ಒಂದನ್ನೇ ನೋಡಿ

ಯುಎಸ್‌ಬಿ ಕೇಬಲ್ ತೆಗೆದಿಡಿ. ನೆಟ್‌ವರ್ಕ್ ಕೇಬಲ್ ಇದ್ದರೆ ಅದನ್ನೂ ತೆಗೆಯಿರಿ. ಸ್ಕ್ಯಾನರ್ ಇರುವ ಮಾಡೆಲ್ ಆದರೆ ಗಾಜಿನ ಮೇಲೆ ಅಕ್ಷರ ಇರುವ ಒಂದು ಹಾಳೆ ಇಟ್ಟು ಕಾಪಿ ಬಟನ್ ಒತ್ತಿ. ಸ್ಕ್ಯಾನರ್ ಇಲ್ಲದಿದ್ದರೆ ಪ್ರಿಂಟರ್‌ನ ಒಳಗೇ ಇರುವ ಟೆಸ್ಟ್ ಪೇಜ್ ತೆಗೆಯಿರಿ. ಯಾವ ಬಟನ್ ಎಷ್ಟು ಹೊತ್ತು ಒತ್ತಬೇಕು ಅನ್ನುವುದು ಮಾಡೆಲ್‌ಗೆ ಒಂದೊಂದು ಥರ, ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ.

ಕಾಪಿ ಚೆನ್ನಾಗಿ ಬಂತಾ? ಹಾಗಾದರೆ ಇಂಕ್, ಹೆಡ್ (ಹಾಳೆಗೆ ಇಂಕ್ ಸಿಂಪಡಿಸುವ ಭಾಗ), ರೋಲರ್, ಮೋಟರ್ ಎಲ್ಲವೂ ಸರಿ ಇವೆ. ತೊಂದರೆ ಕಂಪ್ಯೂಟರ್‌ನಲ್ಲಿ, ಡ್ರೈವರ್‌ನಲ್ಲಿ (ಕಂಪ್ಯೂಟರ್ ಪ್ರಿಂಟರ್ ಜೊತೆ ಮಾತಾಡಲು ಬೇಕಾದ ಸಾಫ್ಟ್‌ವೇರ್), ಕೇಬಲ್‌ನಲ್ಲಿ ಅಥವಾ ವೈಫೈನಲ್ಲಿ ಇದೆ. ಈ ಒಂದು ಪರೀಕ್ಷೆಗೆ ಎರಡು ನಿಮಿಷ ಸಾಕು. ಇದನ್ನು ಮಾಡದೆ ಚೆನ್ನಾಗಿರುವ ಪ್ರಿಂಟರನ್ನು ಎಸೆಯುವುದು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಟೆಸ್ಟ್ ಪೇಜ್ ಚೆನ್ನಾಗಿ ಬಂದು ಕಾಪಿಯಲ್ಲಿ ಮಾತ್ರ ಉದ್ದಕ್ಕೆ ಒಂದು ಗೆರೆ ಬಂದರೆ ಅದು ಸ್ಕ್ಯಾನರ್ ಗಾಜಿನ ಕೊಳೆ. ಅದರಲ್ಲೂ ಮೇಲಿನ ಫೀಡರ್‌ನಿಂದ ಹಾಳೆ ಕಳಿಸಿದಾಗ ಮಾತ್ರ ಗೆರೆ ಬರುತ್ತಿದ್ದರೆ, ದೊಡ್ಡ ಗಾಜಿನ ಪಕ್ಕದಲ್ಲಿ ಒಂದು ಬೆರಳಗಲದ ಕಿರಿದಾದ ಗಾಜಿನ ಪಟ್ಟಿ ಇರುತ್ತದೆ ನೋಡಿ, ಅದರ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆ ಅಂಟಿದ್ದರೂ ಇಡೀ ಪುಟದ ಉದ್ದಕ್ಕೆ ಗೆರೆ ಬೀಳುತ್ತದೆ. ಒರೆಸಿದರೆ ಮುಗಿಯಿತು.

ಈಗ ಕಂಪ್ಯೂಟರ್ ಕಡೆ. "ಆಫ್‌ಲೈನ್" ಅಂತ ತೋರಿಸುವುದಕ್ಕೆ ಪದೇ ಪದೇ ಕಾಣುವ ಕಾರಣ ಐಪಿ ವಿಳಾಸ, ಅಂದರೆ ಮನೆಯ ನೆಟ್‌ವರ್ಕ್‌ನಲ್ಲಿ ಪ್ರಿಂಟರ್‌ಗೆ ಇರುವ ನಂಬರ್, ಬದಲಾಗುವುದು. ರೂಟರ್ ಆಫ್ ಆಗಿ ಆನ್ ಆದಾಗ ಪ್ರಿಂಟರ್‌ಗೆ ಬೇರೆ ವಿಳಾಸ ಸಿಕ್ಕಿರುತ್ತದೆ, ಕಂಪ್ಯೂಟರ್ ಇನ್ನೂ ಹಳೆಯ ವಿಳಾಸವನ್ನೇ ಹುಡುಕುತ್ತಿರುತ್ತದೆ. ಪ್ರಿಂಟರ್‌ನಿಂದ ನೆಟ್‌ವರ್ಕ್ ಪುಟ ತೆಗೆದು ಈಗಿನ ವಿಳಾಸ ನೋಡಿ, ಆ ವಿಳಾಸವನ್ನೇ ರೂಟರ್‌ನಲ್ಲಿ ಪ್ರಿಂಟರ್‌ಗೆ ಕಾಯಂ ಮಾಡಿಬಿಡಿ, ಆಮೇಲೆ ಕಂಪ್ಯೂಟರ್‌ನಲ್ಲಿ ಹಳೆಯ ಪ್ರಿಂಟರ್ ಅಳಿಸಿ ಮತ್ತೆ ಸೇರಿಸಿ. ಹೊಸ ರೂಟರ್ ಹಾಕಿದ ಮೇಲೆ ಪ್ರಿಂಟರ್ ವೈಫೈಗೆ ಸೇರುತ್ತಲೇ ಇಲ್ಲ ಅಂದರೆ 2.4 ಗಿಗಾಹರ್ಟ್ಸ್ ಆನ್ ಇದೆಯಾ ನೋಡಿ. ತುಂಬಾ ಮನೆ ಪ್ರಿಂಟರ್‌ಗಳಿಗೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ.

ವಿಂಡೋಸ್‌ನಲ್ಲಿ ಒಂದು ಪ್ರಿಂಟ್ ಸಿಕ್ಕಿಕೊಂಡರೆ ಅದರ ಹಿಂದೆ ಇರುವುದೆಲ್ಲ ಸಾಲಾಗಿ ನಿಲ್ಲುತ್ತದೆ. ಸರ್ವಿಸಸ್‌ಗೆ ಹೋಗಿ ಪ್ರಿಂಟ್ ಸ್ಪೂಲರ್ (ಪ್ರಿಂಟ್‌ಗಳನ್ನು ಸಾಲಲ್ಲಿಟ್ಟು ಕಳಿಸುವ ಪ್ರೋಗ್ರಾಂ) ನಿಲ್ಲಿಸಿ, ವಿಂಡೋಸ್ ಫೋಲ್ಡರ್‌ನಲ್ಲಿ ಸಿಸ್ಟಮ್32, ಅದರಲ್ಲಿ ಸ್ಪೂಲ್, ಅದರಲ್ಲಿ ಪ್ರಿಂಟರ್ಸ್ ಅನ್ನುವ ಫೋಲ್ಡರ್ ತೆರೆದು ಒಳಗಿನ ಫೈಲ್‌ಗಳನ್ನು ಅಳಿಸಿ ಸ್ಪೂಲರನ್ನು ಮತ್ತೆ ಶುರು ಮಾಡಿ. ಫೋಲ್ಡರನ್ನೇ ಅಳಿಸಬೇಡಿ, ಒಳಗಿನದನ್ನು ಮಾತ್ರ.

ಹಳೆಯ ಪ್ರಿಂಟರ್‌ಗೆ ಫೋನ್‌ನಿಂದ ಪ್ರಿಂಟ್ ಕಳಿಸುತ್ತಿದ್ದೆ, ಈಗ ಆಗುತ್ತಿಲ್ಲ ಅನ್ನುವವರಿಗೆ ಒಂದು ಮಾತು. ಗೂಗಲ್ ಕ್ಲೌಡ್ ಪ್ರಿಂಟ್ ಅನ್ನುವ ಸೇವೆ 2020ರ ಕೊನೆಗೆ ನಿಂತುಹೋಯಿತು. ಅದನ್ನು ನಂಬಿಕೊಂಡಿದ್ದ ಪ್ರಿಂಟರ್ ಕೆಟ್ಟಿಲ್ಲ, ದಾರಿ ಮಾತ್ರ ಮುಚ್ಚಿದೆ. ಮನೆಯಲ್ಲಿ ಸದಾ ಆನ್ ಇರುವ ಒಂದು ಹಳೆಯ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಹಾಕಿ, ಅದರ ಕಪ್ಸ್ ಅನ್ನುವ ಪ್ರಿಂಟ್ ವ್ಯವಸ್ಥೆಯಿಂದ ಹಂಚಿದರೆ ಅಂಥ ಎಷ್ಟೋ ಪ್ರಿಂಟರ್‌ಗಳು ಫೋನ್‌ಗೆ ಮತ್ತೆ ಕಾಣಿಸುತ್ತವೆ. ಹೊಸ ವಿಂಡೋಸ್‌ಗೆ ಡ್ರೈವರ್ ಸಿಗದ ಕೆಲವು ಪ್ರಿಂಟರ್‌ಗಳನ್ನೂ ಇದೇ ಉಪಾಯದಿಂದ ಉಳಿಸಿಕೊಳ್ಳಬಹುದು.

ಇಂಕ್‌ಜೆಟ್: ಬಣ್ಣ ಬರುತ್ತಿಲ್ಲ, ಗೆರೆ ಗೆರೆಯಾಗಿ ಬರುತ್ತಿದೆ

ಮೊದಲು ನಿಮ್ಮ ಪ್ರಿಂಟ್ ಹೆಡ್ ಎಲ್ಲಿದೆ ಅಂತ ತಿಳಿಯಬೇಕು. ರಿಪೇರಿನಾ ಹೊಸದಾ ಅನ್ನುವ ತೀರ್ಮಾನದ ಅರ್ಧ ಇಲ್ಲೇ ಆಗಿಬಿಡುತ್ತದೆ. ಕೆಲವು ಎಚ್‌ಪಿ ಮತ್ತು ಕ್ಯಾನನ್ ಮಾಡೆಲ್‌ಗಳಲ್ಲಿ ಕಾರ್ಟ್ರಿಜ್‌ನ ತಳದಲ್ಲೇ ಹೆಡ್ ಇರುತ್ತದೆ. ಕಾರ್ಟ್ರಿಜ್ ತೆಗೆದು ನೋಡಿ, ತಳದಲ್ಲಿ ಲೋಹದ ಪುಟ್ಟ ಪಟ್ಟಿಯೂ ಪಕ್ಕದಲ್ಲಿ ತಾಮ್ರದ ಬಣ್ಣದ ಚುಕ್ಕೆಗಳೂ ಇದ್ದರೆ ಅದೇ. ಇಂಥದ್ದರಲ್ಲಿ ಹೆಡ್ ಹಾಳಾದರೆ ಕಾರ್ಟ್ರಿಜ್ ಬದಲಿಸಿದರೆ ಹೆಡ್ಡೂ ಹೊಸದಾಗುತ್ತದೆ, ಪ್ರಿಂಟರ್ ಎಸೆಯುವ ಮಾತೇ ಇಲ್ಲ. ಎಪ್ಸನ್ ಮತ್ತು ಬ್ರದರ್ ಇಂಕ್‌ಜೆಟ್‌ಗಳಲ್ಲಿ ಹೆಡ್ ಪ್ರಿಂಟರ್‌ನ ಒಳಗೇ ಕೂತಿರುತ್ತದೆ, ಕಾರ್ಟ್ರಿಜ್ ಅಥವಾ ಟ್ಯಾಂಕ್ ಬರೀ ಇಂಕ್ ಇಡುವ ಡಬ್ಬಿ. ಅಲ್ಲಿ ಹೆಡ್ ಸತ್ತರೆ ಖರ್ಚು ದೊಡ್ಡದು.

ಈಗ ನಾಜಲ್ ಚೆಕ್ ಪುಟ, ಅಂದರೆ ಹೆಡ್ಡಿನ ಸಣ್ಣ ತೂತುಗಳೆಲ್ಲ ಇಂಕ್ ಬಿಡುತ್ತಿವೆಯಾ ಅಂತ ತೋರಿಸುವ ಪರೀಕ್ಷೆ ಪುಟ, ತೆಗೆಯಿರಿ. ಒಂದಲ್ಲ, ಎರಡು. ಒಂದರ ಪಕ್ಕ ಒಂದಿಟ್ಟು ನೋಡಿ. ಎರಡರಲ್ಲೂ ಅದೇ ಜಾಗದಲ್ಲಿ ಗೆರೆ ತಪ್ಪಿದ್ದರೆ ಆ ತೂತುಗಳಲ್ಲಿ ಇಂಕ್ ಒಣಗಿ ಕೂತಿದೆ ಅಂತ ಅರ್ಥ. ಮೊದಲ ಪುಟದಲ್ಲಿ ಒಂದು ಕಡೆ, ಎರಡನೆಯದರಲ್ಲಿ ಇನ್ನೊಂದು ಕಡೆ ತಪ್ಪಿದ್ದರೆ ಕಥೆ ಬೇರೆ: ತೂತು ತೆರೆದೇ ಇದೆ, ಇಂಕ್ ಸರಿಯಾಗಿ ಬಂದು ಮುಟ್ಟುತ್ತಿಲ್ಲ. ಗಾಳಿ ಸೇರಿರಬಹುದು, ಇಂಕ್ ಕಡಿಮೆ ಇರಬಹುದು, ಕಾರ್ಟ್ರಿಜ್‌ನ ಗಾಳಿ ತೂತಿನ ಮೇಲಿನ ಟೇಪ್ ತೆಗೆಯಲು ಮರೆತಿರಬಹುದು. ಇಲ್ಲಿ ಕ್ಲೀನಿಂಗ್ ಮೇಲೆ ಕ್ಲೀನಿಂಗ್ ಒತ್ತುವುದರಿಂದ ಇಂಕ್ ಹಾಳು, ಅಷ್ಟೇ.

ಒಣಗಿದ ಹೆಡ್‌ಗೂ ಕ್ಲೀನಿಂಗ್ ಮೂರಕ್ಕಿಂತ ಜಾಸ್ತಿ ಸಲ ಬೇಡ. ಮೂರು ಸಲ ಆದ ಮೇಲೆ ಪ್ರಿಂಟರನ್ನು ಅದರ ಬಟನ್‌ನಿಂದಲೇ ಆಫ್ ಮಾಡಿ ಒಂದು ರಾತ್ರಿ ಬಿಟ್ಟುಬಿಡಿ. ಹೆಡ್ಡಿನೊಳಗೆ ಬಂದ ಹೊಸ ಇಂಕ್ ಒಣಗಿದ್ದನ್ನು ನಿಧಾನಕ್ಕೆ ನೆನೆಸುತ್ತದೆ, ಗಾಳಿಗುಳ್ಳೆಗಳು ಮೇಲೇರುತ್ತವೆ. ಬೆಳಿಗ್ಗೆ ಮತ್ತೆ ನಾಜಲ್ ಚೆಕ್. ಎಷ್ಟೋ ಸಲ ರಾತ್ರಿ ಆಗದ್ದು ಬೆಳಿಗ್ಗೆ ಆಗುತ್ತದೆ. ತಾಳ್ಮೆ ಇದ್ದರೆ ಉಳಿಯುವ ಪ್ರಿಂಟರ್ ಇದು, ದಯವಿಟ್ಟು ಒಂದು ರಾತ್ರಿ ಕೊಡಿ.

ಆಗಲೂ ಬರದಿದ್ದರೆ ಹೆಡ್ ಬಂದು ಕೂರುವ ಜಾಗ ನೋಡಿ. ಸಾಮಾನ್ಯವಾಗಿ ಬಲತುದಿಯಲ್ಲಿ ರಬ್ಬರ್ ಅಂಚಿನ ಒಂದು ಪುಟ್ಟ ಬಟ್ಟಲು ಇರುತ್ತದೆ. ಅದರ ಹೆಸರು ಕ್ಯಾಪ್. ಅದು ಎರಡು ಕೆಲಸ ಮಾಡುತ್ತದೆ. ಪ್ರಿಂಟರ್ ಆಫ್ ಇದ್ದಾಗ ಹೆಡ್ಡಿನ ತಳಕ್ಕೆ ಒತ್ತಿಕೊಂಡು ಒಣಗದಂತೆ ಕಾಯುತ್ತದೆ, ಕ್ಲೀನಿಂಗ್ ಮಾಡುವಾಗ ಕೆಳಗಿನ ಪಂಪಿನಿಂದ ಇಂಕನ್ನು ಎಳೆಯುತ್ತದೆ. ಕ್ಯಾಪಿನ ಅಂಚಿಗೆ ಇಂಕಿನ ಹೆಕ್ಕಳೆ ಕಟ್ಟಿದ್ದರೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ, ಆಗ ಕ್ಲೀನಿಂಗ್ ಎಷ್ಟು ಮಾಡಿದರೂ ಪಂಪ್ ಬರೀ ಗಾಳಿ ಎಳೆಯುತ್ತದೆ. ನೂಲು ಬಿಡದ ಬಟ್ಟೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಅಂಚನ್ನು ಒರೆಸಿ. ಆಮೇಲೆ ಬಟ್ಟಲಿಗೆ ನಾಲ್ಕೈದು ಹನಿ ಅದೇ ನೀರು ಬಿಟ್ಟು ಒಂದು ಕ್ಲೀನಿಂಗ್ ಕೊಡಿ. ಮುಗಿದ ಮೇಲೆ ನೀರು ಹೋಗಿದ್ದರೆ ಪಂಪ್ ಚೆನ್ನಾಗಿದೆ, ತೊಂದರೆ ಹೆಡ್ಡಿನಲ್ಲಿದೆ. ನೀರು ಹಾಗೇ ನಿಂತಿದ್ದರೆ ಪಂಪ್ ಅಥವಾ ಅದರ ಕೊಳವೆ ಕಟ್ಟಿದೆ. ಹೆಡ್ ಸತ್ತಿದೆ ಅಂತ ಅಂದುಕೊಂಡವರಲ್ಲಿ ಹಲವರ ಪ್ರಿಂಟರ್ ಇಲ್ಲಿ ಉಳಿಯುತ್ತದೆ, ಯಾಕೆಂದರೆ ಪಂಪ್ ಮತ್ತು ಕ್ಯಾಪ್ ಹೆಡ್‌ಗಿಂತ ಎಷ್ಟೋ ಅಗ್ಗ.

ಕಾರ್ಟ್ರಿಜ್‌ನಲ್ಲೇ ಹೆಡ್ ಇದ್ದರೆ ಕೆಲಸ ಇನ್ನೂ ಸುಲಭ. ಟಿಶ್ಯೂ ಪೇಪರನ್ನು ಬೆಚ್ಚಗಿನ ನೀರಲ್ಲಿ ನೆನೆಸಿ ತಟ್ಟೆಯಲ್ಲಿಟ್ಟು ಅದರ ಮೇಲೆ ಹೆಡ್ ತಾಗುವಂತೆ ಕಾರ್ಟ್ರಿಜ್ ಒಂದೆರಡು ನಿಮಿಷ ಕೂರಿಸಿ. ಎತ್ತಿದಾಗ ಟಿಶ್ಯೂ ಮೇಲೆ ಬಣ್ಣದ ಅಚ್ಚು ಬಿದ್ದರೆ ಒಳಗೆ ಇಂಕ್ ಇದೆ, ದಾರಿ ತೆರೆದಿದೆ. ತಾಮ್ರದ ಚುಕ್ಕೆಗಳನ್ನು ಬೆರಳಿಂದ ಮುಟ್ಟಬೇಡಿ, ಅವು ಒಣಗಿದ ಮೇಲೆಯೇ ಪ್ರಿಂಟರ್‌ಗೆ ಹಾಕಿ.

ಒಂದು ಬಣ್ಣ ಪೂರ್ತಿ ಇಲ್ಲ, ಒಂದು ಗೆರೆಯೂ ಇಲ್ಲ, ಒಳಗಿನ ಹೆಡ್ಡಿನ ಪ್ರಿಂಟರ್, ಇಂಕ್ ಇದೆ, ಕ್ಯಾಪ್ ಸರಿ ಇದೆ, ಮೇಲಿನದೆಲ್ಲ ಮಾಡಿಯಾಯಿತು. ಹೀಗಿದ್ದರೆ ಹೆಡ್ ವಿದ್ಯುತ್ ಕಡೆಯಿಂದ ಸತ್ತಿರುವ ಸಾಧ್ಯತೆ ಜಾಸ್ತಿ. ಇಲ್ಲಿ ಎಚ್ಚರ ಬೇಕು. ಇಂಕ್ ಸೋರಿ ಹೆಡ್ಡಿನ ಕೇಬಲ್‌ಗೆ ತಾಗಿ ಶಾರ್ಟ್ ಆಗಿದ್ದರೆ ಮೇನ್ ಬೋರ್ಡೂ ಸುಟ್ಟಿರಬಹುದು. ಬೋರ್ಡ್ ಮಾತ್ರ ಬದಲಿಸಿದರೆ ಕೆಟ್ಟ ಹೆಡ್ ಹೊಸ ಬೋರ್ಡನ್ನು ಸುಡುತ್ತದೆ, ಹೆಡ್ ಮಾತ್ರ ಬದಲಿಸಿದರೆ ಕೆಟ್ಟ ಬೋರ್ಡ್ ಹೊಸ ಹೆಡ್ಡನ್ನು ಸುಡುತ್ತದೆ. ಎರಡೂ ಹಾಕಿಸುವ ಮಾತು ಬಂದರೆ ಮನೆ ಪ್ರಿಂಟರ್‌ಗೆ ನನ್ನ ಉತ್ತರ ಒಂದೇ, ಬೇಡ.

ಇಂಕ್ ಪ್ಯಾಡ್ ತುಂಬಿದೆ ಅಂತ ಬೀಗ ಹಾಕಿಕೊಂಡಿದೆ

ನಿನ್ನೆವರೆಗೆ ಚೆನ್ನಾಗಿ ಪ್ರಿಂಟ್ ಆಗುತ್ತಿತ್ತು, ಇವತ್ತು ಎರಡು ದೀಪ ಒಂದಾದ ಮೇಲೊಂದು ಮಿನುಗುತ್ತಿವೆ, ಇಂಕ್ ಪ್ಯಾಡ್‌ನ ಆಯುಸ್ಸು ಮುಗಿದಿದೆ ಅಂತ ಬರುತ್ತಿದೆ. ಕ್ಯಾನನ್‌ನಲ್ಲಿ ಇದೇ 5ಬಿ00 ಅನ್ನುವ ಸಂಕೇತ. ತುಂಬಾ ಜನ ಪ್ರಿಂಟರ್ ಸತ್ತಿತು ಅಂತ ಇಲ್ಲೇ ಕೈಬಿಡುತ್ತಾರೆ.

ಆಗಿರುವುದು ಇಷ್ಟು. ಕ್ಲೀನಿಂಗ್ ಮಾಡಿದಾಗಲೆಲ್ಲ ಹೊರಬರುವ ಇಂಕ್ ತಳದಲ್ಲಿರುವ ಸ್ಪಂಜಿನಂಥ ಪ್ಯಾಡ್‌ಗೆ ಹೋಗುತ್ತದೆ. ಹಲವು ಮಾಡೆಲ್‌ಗಳಲ್ಲಿ ಪ್ಯಾಡ್ ನಿಜಕ್ಕೂ ಎಷ್ಟು ತುಂಬಿದೆ ಅಂತ ಅಳೆಯುವ ಸೆನ್ಸರ್ ಇಲ್ಲ. ಎಷ್ಟು ಸುರಿದಿರಬಹುದು ಅಂತ ಪ್ರಿಂಟರ್ ಒಳಗೊಳಗೇ ಎಣಿಸುತ್ತಿರುತ್ತದೆ, ಎಣಿಕೆ ಮಿತಿ ಮುಟ್ಟಿದಾಗ ನಿಲ್ಲುತ್ತದೆ. ಪ್ಯಾಡ್ ಬದಲಿಸಿ ಎಣಿಕೆಯನ್ನು ಸೊನ್ನೆ ಮಾಡಿದರೆ ಪ್ರಿಂಟರ್ ಮತ್ತೆ ಓಡುತ್ತದೆ. ರಿಪೇರಿಗಳಲ್ಲಿ ಇದು ತೀರಾ ಅಗ್ಗದ್ದು, ಹೆಡ್ ಚೆನ್ನಾಗಿದ್ದರೆ ಖಂಡಿತ ಮಾಡಿಸಿ. ಪ್ಯಾಡ್ ಮುಟ್ಟದೆ ಎಣಿಕೆ ಮಾತ್ರ ಸೊನ್ನೆ ಮಾಡುವವರಿದ್ದಾರೆ. ಹಾಗೆ ಮಾಡಿಸಿದರೆ ಒಂದು ದಿನ ಇಂಕ್ ಮೇಜಿನ ಮೇಲೆ ಹರಿಯುತ್ತದೆ, ಆ ಕಲೆ ಹೋಗುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಇದೇ ಪ್ಯಾಡ್ ಒಂದು ಪುಟ್ಟ ಡಬ್ಬಿಯಲ್ಲಿ ಬರುತ್ತದೆ, ಮೇಂಟೆನೆನ್ಸ್ ಬಾಕ್ಸ್ ಅನ್ನುತ್ತಾರೆ. ಅದನ್ನು ನಾವೇ ಎಳೆದು ಹೊಸದು ಹಾಕಿಕೊಳ್ಳಬಹುದು.

ಹಾಳೆ ಸಿಕ್ಕಿಕೊಳ್ಳುವುದು, ಟಕಟಕ ಶಬ್ದ

ಹಾಳೆ ಎಳೆಯುತ್ತಿಲ್ಲ, ಅಥವಾ ಒಂದಕ್ಕೆ ನಾಲ್ಕು ಎಳೆಯುತ್ತದೆ ಅಂದರೆ ಮೊದಲು ಹಾಳೆಯನ್ನೇ ಅನುಮಾನಿಸಿ. ತೇವ ಹಿಡಿದ ಹಾಳೆ ಒಂದಕ್ಕೊಂದು ಅಂಟುತ್ತದೆ. ಹೊಸ ಕಟ್ಟಿನಿಂದ ಇಪ್ಪತ್ತು ಹಾಳೆ ಬಿಡಿಸಿ ಹಾಕಿ ನೋಡಿ. ಆಗಲೂ ಹಾಗೇ ಆದರೆ ಎಳೆಯುವ ರಬ್ಬರ್ ರೋಲರ್ ಮುಟ್ಟಿ ನೋಡಿ, ನುಣ್ಣಗೆ ಹೊಳೆಯುತ್ತಿದ್ದರೆ ಅದರ ಹಿಡಿತ ಹೋಗಿದೆ. ಒದ್ದೆ ಬಟ್ಟೆಯಿಂದ ಸುತ್ತಲೂ ಒರೆಸಿ ಒಣಗಲು ಬಿಡಿ. ಹಿಂದೆಯೂ ಮುಂದೆಯೂ ಟ್ರೇ ಇರುವ ಪ್ರಿಂಟರ್ ಆದರೆ ಎರಡರಿಂದಲೂ ಹಾಕಿ ನೋಡಿ. ಒಂದರಿಂದ ಸರಿಯಾಗಿ ಬಂದು ಇನ್ನೊಂದರಿಂದ ಬರದಿದ್ದರೆ ತಪ್ಪು ಆ ಟ್ರೇಯ ರೋಲರ್‌ನದೇ. ರೋಲರ್ ಸವೆಯುವ ಭಾಗ, ಬದಲಿಸುವುದಕ್ಕೆಂದೇ ಇರುವುದು. ಇದಕ್ಕಾಗಿ ಯಾರೂ ಹೊಸ ಪ್ರಿಂಟರ್ ತರಬಾರದು.

ಹಾಳೆ ಇಲ್ಲದಿದ್ದರೂ ಜಾಮ್ ಅಂತ ತೋರಿಸುತ್ತಿದೆಯಾ? ಹಿಂದಿನ ಸಲ ಹರಿದು ತೆಗೆದ ತುಂಡುಗಳು ಇನ್ನೂ ಇದ್ದರೆ ಜೋಡಿಸಿ ನೋಡಿ, ಒಂದು ಪೂರ್ತಿ ಹಾಳೆ ಆಗುತ್ತದೆಯಾ ಅಂತ. ಮೂಲೆ ಕಡಿಮೆ ಬಿದ್ದರೆ ಅದು ಒಳಗೇ ಇದೆ. ಹಿಂದಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ಹುಡುಕಿ. ಹಾಳೆ ಹೋಗುವ ದಾರಿಯಲ್ಲಿ ಪ್ಲಾಸ್ಟಿಕ್‌ನ ಪುಟ್ಟ ನಾಲಿಗೆಯಂಥದ್ದು ಇರುತ್ತದೆ, ಹಾಳೆ ಬಂತಾ ಹೋಯಿತಾ ಅಂತ ಪ್ರಿಂಟರ್‌ಗೆ ತಿಳಿಯುವುದು ಅದರಿಂದಲೇ. ಅದನ್ನು ಬೆರಳಿಂದ ಒತ್ತಿಬಿಟ್ಟರೆ ತಾನೇ ಮೇಲೇಳಬೇಕು. ಏಳದಿದ್ದರೆ ಅದರ ಸ್ಪ್ರಿಂಗ್ ಜಾರಿದೆ ಅಥವಾ ಕಾಗದದ ಚೂರು ಸಿಕ್ಕಿದೆ.

ಇಂಕ್‌ಜೆಟ್ ಆನ್ ಮಾಡಿದ ಕೂಡಲೇ ಕ್ಯಾರೇಜ್ (ಹೆಡ್ಡನ್ನು ಹೊತ್ತು ಅತ್ತಿತ್ತ ಓಡುವ ಭಾಗ) ದಡಕ್ಕನೆ ಒಂದು ಬದಿಗೆ ಹೊಡೆದು ನಿಂತರೆ, ಅಥವಾ ಅಕ್ಷರಗಳು ಅಡ್ಡಾದಿಡ್ಡಿ ಸರಿದರೆ, ಕ್ಯಾರೇಜ್ ಹಿಂದೆ ಉದ್ದಕ್ಕೆ ಕಟ್ಟಿರುವ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ನೋಡಿ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿವೆ, ಕ್ಯಾರೇಜ್ ತಾನೆಲ್ಲಿದ್ದೇನೆ ಅಂತ ತಿಳಿಯುವುದು ಅವನ್ನು ಎಣಿಸಿ. ಇಂಕ್ ಅಥವಾ ಗ್ರೀಸ್ ತಾಗಿದರೆ ಎಣಿಕೆ ತಪ್ಪುತ್ತದೆ. ವಿದ್ಯುತ್ ತೆಗೆದು, ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಹಗುರಾಗಿ ಒರೆಸಿ. ಬಲವಾದ ದ್ರಾವಣ ಬಳಸಿದರೆ ಗೆರೆಗಳೇ ಅಳಿಸಿಹೋಗಬಹುದು, ಎಳೆದರೆ ಪಟ್ಟಿ ಕೊಕ್ಕೆಯಿಂದ ಕಳಚುತ್ತದೆ. ನನ್ನ ಅನುಭವದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಫಲ ಕೊಡುವ ಕೆಲಸ ಇನ್ನೊಂದಿಲ್ಲ. ಪಟ್ಟಿ ಸ್ವಚ್ಛವಾಗಿದ್ದರೂ ಟಕಟಕ ನಿಲ್ಲದಿದ್ದರೆ ಪಿನ್ನು, ಕ್ಲಿಪ್ಪು, ಪೆನ್ನಿನ ಮುಚ್ಚಳ ಒಳಗೆ ಬಿದ್ದಿದೆಯಾ ನೋಡಿ, ಇಲ್ಲವಾದರೆ ಗೇರ್ ಹಲ್ಲು ಮುರಿದಿದೆ.

ಲೇಸರ್ ಆದರೆ

ಲೇಸರ್ ಪ್ರಿಂಟರ್‌ನಲ್ಲಿ ಕೆಟ್ಟ ಪುಟವೇ ಕಾರಣ ಹೇಳಿಬಿಡುತ್ತದೆ, ಓದಲು ಬರಬೇಕು ಅಷ್ಟೇ. ಒಂದೇ ಚುಕ್ಕೆ ಪುಟದ ಉದ್ದಕ್ಕೂ ಸಮ ಅಂತರದಲ್ಲಿ ಮತ್ತೆ ಮತ್ತೆ ಬಿದ್ದರೆ ಸ್ಕೇಲ್ ತೆಗೆದುಕೊಂಡು ಅಂತರ ಅಳೆಯಿರಿ. ಆ ಅಂತರ ತಪ್ಪು ಮಾಡುತ್ತಿರುವ ರೋಲರ್‌ನ ಸುತ್ತಳತೆಗೆ ಸಮ. ಡ್ರಮ್ ಅಂದರೆ ಅಕ್ಷರಗಳು ಮೊದಲು ಮೂಡುವ ಉರುಳೆ. ಅದು 24 ಮಿಲಿಮೀಟರ್ ವ್ಯಾಸದ್ದಾದರೆ ಸುಮಾರು 75 ಮಿಲಿಮೀಟರ್‌ಗೆ ಒಂದು ಚುಕ್ಕೆ, 30 ಮಿಲಿಮೀಟರ್ ಆದರೆ ಸುಮಾರು 94ಕ್ಕೆ ಒಂದು. ಡ್ರಮ್ ಮೇಲೆ ಗಾಯವಾಗಿದ್ದರೆ ಡ್ರಮ್ ಯೂನಿಟ್ ಅಥವಾ ಡ್ರಮ್ ಇರುವ ಟೋನರ್ ಕಾರ್ಟ್ರಿಜ್ ಬದಲಿಸಿದರೆ ಮುಗಿಯಿತು, ಅದು ಸವೆಯುವ ಸಾಮಾನು.

ಬೆರಳಿಂದ ಉಜ್ಜಿದರೆ ಅಕ್ಷರ ಅಳಿಸಿಹೋಗುತ್ತದೆಯಾ? ಹಾಗಾದರೆ ಫ್ಯೂಸರ್ ಬಿಸಿಯಾಗುತ್ತಿಲ್ಲ. ಟೋನರ್ ಅಂದರೆ ನುಣ್ಣನೆ ಪ್ಲಾಸ್ಟಿಕ್ ಪುಡಿ, ಅದನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಾಳೆಗೆ ಕರಗಿಸಿ ಅಂಟಿಸುವುದು ಫ್ಯೂಸರ್. ದಪ್ಪ ಹಾಳೆ ಹಾಕಿ ಸೆಟ್ಟಿಂಗ್‌ನಲ್ಲಿ ತೆಳು ಹಾಳೆ ಅಂತ ಬಿಟ್ಟಿದ್ದರೂ ಹೀಗಾಗುತ್ತದೆ, ಮೊದಲು ಅದನ್ನು ನೋಡಿ. ಎಚ್‌ಪಿ ಲೇಸರ್‌ಜೆಟ್‌ನಲ್ಲಿ 50ರಿಂದ ಶುರುವಾಗುವ ಎರರ್ ಫ್ಯೂಸರ್‌ನದು. 49 ಅಥವಾ 79 ಬಂದರೆ ಗಾಬರಿ ಬೇಡ, ಕೇಬಲ್ ತೆಗೆದು ಆನ್ ಮಾಡಿ ನೋಡಿ. ಕೇಬಲ್ ಇಲ್ಲದಾಗ ಎರರ್ ಬರದಿದ್ದರೆ ಯಾವುದೋ ಕೆಟ್ಟ ಫೈಲ್ ಪ್ರಿಂಟರನ್ನು ಕೆಡವುತ್ತಿದೆ, ಕ್ಯೂ ಖಾಲಿ ಮಾಡಿದರೆ ಸರಿಹೋಗಬಹುದು.

ಪುಟ ಪೂರ್ತಿ ಬಿಳಿ ಬಂದರೆ ಹೊಸ ಟೋನರ್‌ನ ಸೀಲ್ ಟೇಪ್ ಎಳೆದಿದ್ದೀರಾ ಅಂತ ನೋಡಿ. ಎಳೆದಿದ್ದರೆ ಒಂದು ಪುಟ ಪ್ರಿಂಟ್ ಕೊಟ್ಟು ಹಾಳೆ ಅರ್ಧ ದಾರಿಯಲ್ಲಿರುವಾಗ ಮುಂದಿನ ಬಾಗಿಲು ತೆಗೆದು ನಿಲ್ಲಿಸಿ. ಡ್ರಮ್ ಮೇಲೆ ಅಕ್ಷರ ಮೂಡಿದ್ದು ಹಾಳೆಗೆ ಬಂದಿಲ್ಲವಾದರೆ ಟ್ರಾನ್ಸ್‌ಫರ್ ರೋಲರ್ ತಪ್ಪು. ಡ್ರಮ್ ಮೇಲೇ ಏನೂ ಇಲ್ಲದಿದ್ದರೆ ಟೋನರ್ ಬದಲಿಸಿ ನೋಡಿ, ಆಗಲೂ ಇಲ್ಲದಿದ್ದರೆ ಲೇಸರ್ ಭಾಗ ಅಥವಾ ಬೋರ್ಡ್. ಅಗ್ಗದ ಪ್ರಿಂಟರ್‌ನಲ್ಲಿ ಲೇಸರ್ ಭಾಗ ಹೋದರೆ ರಿಪೇರಿಗೆ ಕೈ ಹಾಕಬೇಡಿ. ಪುಟ ಪೂರ್ತಿ ಕಪ್ಪಾಗಿ ಬಂದರೆ ಡ್ರಮ್‌ಗೆ ಚಾರ್ಜ್ ಸಿಗುತ್ತಿಲ್ಲ, ಬಹಳ ಸಲ ಅದೂ ಕಾರ್ಟ್ರಿಜ್‌ನದೇ ದೋಷ. ಡ್ರಮ್ ಬೇರೆಯಾಗಿ ಬರುವ ಬ್ರದರ್ ಪ್ರಿಂಟರ್ ಆದರೆ ಡ್ರಮ್ ಯೂನಿಟ್ ಮೇಲಿರುವ ಪುಟ್ಟ ಗುಬಟನ್ನು ಈ ಕಡೆಯಿಂದ ಆ ಕಡೆಗೆ ನಾಲ್ಕೈದು ಸಲ ಸರಿಸಿ. ಅದು ಒಳಗಿನ ತಂತಿಯ ಧೂಳು ತೆಗೆಯುತ್ತದೆ. ಗುಬಟನ್ನು ಮತ್ತೆ ಮೊದಲ ಜಾಗಕ್ಕೇ ತಂದು ಬಿಡಬೇಕು, ಮರೆತರೆ ಪುಟದ ಉದ್ದಕ್ಕೆ ಗೆರೆ ಬೀಳುತ್ತದೆ.

ಲೇಸರ್ ಬಿಚ್ಚುವಾಗ ಕೆಲವು ವಿಷಯಗಳಲ್ಲಿ ರಾಜಿ ಬೇಡ. ಪ್ಲಗ್ ತೆಗೆದು ಅರ್ಧ ಗಂಟೆ ಕಾಯಿರಿ, ಫ್ಯೂಸರ್ ಸುಡುತ್ತದೆ. ಬಾಗಿಲಿನ ಸ್ವಿಚ್ಚನ್ನು ಒತ್ತಿಹಿಡಿದು ತೆರೆದ ಪ್ರಿಂಟರ್ ಓಡಿಸಬೇಡಿ, ಲೇಸರ್ ಕಣ್ಣಿಗೆ ಕಾಣದೆಯೂ ಕಣ್ಣು ಕೆಡಿಸಬಲ್ಲದು. ಪವರ್ ಸಪ್ಲೈ ಭಾಗವನ್ನು ತೆರೆಯಲೇಬೇಡಿ. ಚೆಲ್ಲಿದ ಟೋನರನ್ನು ಮನೆಯ ವ್ಯಾಕ್ಯೂಮ್‌ನಿಂದ ಎಳೆಯಬೇಡಿ, ಆ ಪುಡಿ ಫಿಲ್ಟರ್ ದಾಟಿ ಗಾಳಿಗೆ ಬರುತ್ತದೆ. ಒದ್ದೆ ಬಟ್ಟೆ ಸಾಕು, ನೀರು ತಣ್ಣಗಿರಲಿ, ಬಿಸಿನೀರಿಗೆ ಟೋನರ್ ಕರಗಿ ಅಂಟುತ್ತದೆ.

ಈಗ ಲೆಕ್ಕ

ಕಾರಣ ಸಿಕ್ಕಿತು ಅಂದುಕೊಳ್ಳೋಣ. ಸವೆಯುವ ಭಾಗವಾಗಿದ್ದರೆ, ಅಂದರೆ ರೋಲರ್, ಪ್ಯಾಡ್, ಕ್ಯಾಪ್, ಡ್ರಮ್, ಹೆಡ್ ಇರುವ ಕಾರ್ಟ್ರಿಜ್, ಹೊರಗಿನ ಅಡಾಪ್ಟರ್, ಇವೆಲ್ಲಕ್ಕೂ ರಿಪೇರಿ. ಯೋಚನೆ ಬೇಡ. ಒಳಗಿನ ಹೆಡ್, ಫ್ಯೂಸರ್, ಗೇರ್ ಬಂದರೆ ಕೂಲಿ ಸೇರಿಸಿ ಒಟ್ಟು ಖರ್ಚು ಅದೇ ದರ್ಜೆಯ ಹೊಸ ಪ್ರಿಂಟರ್‌ನ ಬೆಲೆಯ ಅರ್ಧ ದಾಟುತ್ತದೆಯಾ ನೋಡಿ. ದಾಟಿದರೆ ನಾನು ಮಾಡಿಸುವುದಿಲ್ಲ. ಕ್ಯಾನನ್‌ನಲ್ಲಿ ಬಿ200 ಅಂತ ಬಂದರೆ ಹೆಡ್ ಅಥವಾ ಅದಕ್ಕೆ ವಿದ್ಯುತ್ ಕೊಡುವ ಕಡೆಯ ದೋಷ, ಅದೂ ಈ ಗುಂಪಿನದೇ.

ಆದರೆ ಪ್ರಿಂಟರ್‌ನ ಬೆಲೆಯೊಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. ಮುಂದಿನ ಎರಡು ವರ್ಷದ ಇಂಕ್ ಸೇರಿಸಿ. ತಿಂಗಳಿಗೆ 50 ಪುಟ ಅಂದರೆ ವರ್ಷಕ್ಕೆ 600. ಕಾರ್ಟ್ರಿಜ್ 200 ಪುಟ ಕೊಡುತ್ತದೆ ಅಂದರೆ ವರ್ಷಕ್ಕೆ ಮೂರು, ಎರಡು ವರ್ಷಕ್ಕೆ ಆರು. ಆ ಆರು ಕಾರ್ಟ್ರಿಜ್‌ನ ಬೆಲೆ ಹೊಸ ಪ್ರಿಂಟರ್‌ನ ಬೆಲೆಯನ್ನೇ ದಾಟಿದರೆ, ಚೆನ್ನಾಗಿ ರಿಪೇರಿ ಆಗುವ ಪ್ರಿಂಟರನ್ನೂ ಬಿಟ್ಟು ಪುಟಕ್ಕೆ ಕಡಿಮೆ ಖರ್ಚಾಗುವ ಇನ್ನೊಂದಕ್ಕೆ ಹೋಗುವುದು ಸರಿ ಇರಬಹುದು. ಡಬ್ಬಿಯ ಮೇಲೆ ಬರೆದಿರುವ ಪುಟಗಳ ಎಣಿಕೆ ಒಂದು ಗೊತ್ತಾದ ಪರೀಕ್ಷೆಯಿಂದ ಬಂದದ್ದು, ಬಣ್ಣದ ಇಂಕ್‌ಜೆಟ್‌ಗೆ ಐಎಸ್ಒ/ಐಇಸಿ 24711, ಕಪ್ಪುಬಿಳುಪು ಲೇಸರ್‌ಗೆ 19752. ಆ ಪರೀಕ್ಷೆಯಲ್ಲಿ ಪುಟಗಳನ್ನು ಒಂದರ ಹಿಂದೆ ಒಂದು ತೆಗೆಯುತ್ತಾರೆ. ವಾರಕ್ಕೊಂದು ಪುಟ ತೆಗೆಯುವ ಮನೆಯಲ್ಲಿ ಅಷ್ಟು ಬರುವುದಿಲ್ಲ, ಯಾಕೆಂದರೆ ನಡುನಡುವೆ ಕ್ಲೀನಿಂಗ್ ಇಂಕ್ ಕುಡಿಯುತ್ತಲೇ ಇರುತ್ತದೆ. ಹೊಸ ಪ್ರಿಂಟರ್ ಜೊತೆ ಬರುವ ಕಾರ್ಟ್ರಿಜ್ ಪೂರ್ತಿ ತುಂಬಿದ್ದಲ್ಲದಿರಬಹುದು, ಇಂಕ್‌ಗೋಸ್ಕರ ಹೊಸ ಪ್ರಿಂಟರ್ ತರುವುದು ಲಾಭ ಅಂತ ಎಣಿಸಬೇಡಿ.

ಬದಲಿಸುವುದೇ ಅಂತ ಆದರೆ, ಹಳೆಯದು ನಿಂತ ಕಾರಣವೇ ಹೊಸದನ್ನು ಆರಿಸಬೇಕು. ಬಳಸದೆ ಒಣಗಿ ನಿಂತಿದ್ದರೆ ಮತ್ತೆ ಇಂಕ್‌ಜೆಟ್ ಬೇಡ. ಕಪ್ಪುಬಿಳುಪು ಲೇಸರ್ ತನ್ನಿ. ಅದರ ಟೋನರ್ ಮೊದಲೇ ಒಣ ಪುಡಿ, ಆರು ತಿಂಗಳು ಬಿಟ್ಟರೂ ಒಣಗಲು ಏನೂ ಇಲ್ಲ. ಪುಟ ಜಾಸ್ತಿಯಾಗಿ ಪ್ಯಾಡ್ ತುಂಬಿ ನಿಂತಿದ್ದರೆ ಟ್ಯಾಂಕ್ ಇರುವ, ಮೇಂಟೆನೆನ್ಸ್ ಬಾಕ್ಸನ್ನು ನಾವೇ ಬದಲಿಸಬಹುದಾದ ಇಂಕ್‌ಜೆಟ್ ನೋಡಿ. ಫೋಟೋ ಬೇಕೇ ಬೇಕು ಅಂದರೆ ಇಂಕ್‌ಜೆಟ್ಟೇ ಸರಿ, ಆದರೆ ವಾರಕ್ಕೊಮ್ಮೆ ಎಲ್ಲ ಬಣ್ಣವೂ ಇರುವ ಒಂದು ಪುಟ ತೆಗೆಯುವ ಅಭ್ಯಾಸ ಇಟ್ಟುಕೊಳ್ಳಿ, ಮತ್ತು ಗೋಡೆಯ ಸ್ವಿಚ್ ಆಫ್ ಮಾಡುವ ಮೊದಲು ಪ್ರಿಂಟರ್‌ನ ಬಟನ್ ಒತ್ತಿ ಆಫ್ ಮಾಡಿ. ಬಟನ್ ಒತ್ತಿದಾಗ ಹೆಡ್ ಹೋಗಿ ಕ್ಯಾಪ್ ಮೇಲೆ ಕೂರುತ್ತದೆ, ಓಡುತ್ತಿರುವಾಗ ಕರೆಂಟ್ ತೆಗೆದರೆ ಅದು ನಡುದಾರಿಯಲ್ಲಿ ತೆರೆದೇ ನಿಂತು ಒಣಗುತ್ತದೆ. ವರ್ಷಕ್ಕೆ ಇಪ್ಪತ್ತು ಪುಟ ಸಾಕು ಅನ್ನುವವರು ಪ್ರಿಂಟರ್ ತರದೆ ಹೊರಗೆ ಪ್ರಿಂಟ್ ಹಾಕಿಸುವುದನ್ನೂ ಒಮ್ಮೆ ಯೋಚಿಸಿ.

ಹಳೆಯದನ್ನು ಹೊರಹಾಕುವ ಮೊದಲು ಸ್ಕ್ಯಾನರ್ ಇನ್ನೂ ಕೆಲಸ ಮಾಡುತ್ತದೆಯಾ ನೋಡಿ. ಕೆಲವು ಮಾಡೆಲ್‌ಗಳು ಇಂಕ್ ಎರರ್ ಇದ್ದರೆ ಸ್ಕ್ಯಾನನ್ನೂ ತಡೆಯುತ್ತವೆ, ತಡೆಯದಿದ್ದರೆ ಅದನ್ನು ಬರೀ ಸ್ಕ್ಯಾನರ್ ಆಗಿ ಇಟ್ಟುಕೊಳ್ಳಬಹುದು. ಯಾರಿಗಾದರೂ ಕೊಡುವುದಾದರೆ ಅಥವಾ ಇ-ತ್ಯಾಜ್ಯಕ್ಕೆ ಹಾಕುವುದಾದರೆ ಮೆನುವಿನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ನಿಮ್ಮ ವೈಫೈ ಪಾಸ್‌ವರ್ಡ್ ಅದರಲ್ಲಿದೆ. ಕಾರ್ಟ್ರಿಜ್ ತೆಗೆದು ಬೇರೆ ಕವರ್‌ನಲ್ಲಿ ಹಾಕಿ. ಟ್ಯಾಂಕ್ ಇರುವುದಾದರೆ ಓರೆ ಮಾಡದೆ ನೇರವಾಗಿ ಎತ್ತಿಕೊಂಡು ಹೋಗಿ, ಕೆಳಗೊಂದು ಹಳೆಯ ಪೇಪರ್ ಹಾಸಿ.